ಎದುರಂಗಡಿಯ ನಾಲಿಗೆ

ಅಜ್ಜಂಪುರದ ಬಸ್ ನಿಲ್ದಾಣದ ಪಕ್ಕ ಗೌರಮ್ಮನವರ ಇಡ್ಲಿ ಹೋಟೆಲು. ಕಡೂರಿನ ಬಸ್ಸಿಗೆ ಕಾಯುತ್ತ ನಾಲ್ಕೈದು ಜನ ಹಸಿದು ಕೂತಿದ್ದೆವು. ಇಡ್ಲಿ ಬೆಂದು ಹಬೆಯಾಡುತ್ತಿದ್ದರೂ ಆಕೆ ಯಾರಿಗೂ ಬಡಿಸಲಿಲ್ಲ. ಅಷ್ಟರಲ್ಲಿ ಎದುರಿನ ಹೋಟೆಲಿನ ರಂಗಪ್ಪ ಬಂದು, ಆಕೆಯ ಚಟ್ನಿಯನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿದ.

“ಯಾವ್ದೋ ಒಂದು ಕಾಯಿ ಕೆಟ್ಟೈತೆ ಕಣಕ್ಕಾ.”

ಗೌರಮ್ಮ ಅಷ್ಟೂ ಚಟ್ನಿಯನ್ನು ಚರಂಡಿಗೆ ಸುರಿದುಬಿಟ್ಟರು. ಹಸಿದಿದ್ದ ನನಗೆ ರೇಗಿಹೋಯಿತು.

“ಎದುರು ಹೋಟೆಲಿನವನ ಮಾತು ನಂಬ್ತೀರಾ?”

“ನಾನ್ ಮಾಡಿದ್ದು ನನ್ ನಾಲಿಗೆಗೆ ಯಾವಾಗ್ಲೂ ಚೆನ್ನಾಗೇ ಇರ್ತೈತೆ ಕಣ್ರೀ,” ಎಂದು ಹೊಸ ಕಾಯಿ ಒಡೆದು ತುರಿಯಲು ಕೂತರು. ನಾನು ರಸ್ತೆಯತ್ತ ನೋಡುತ್ತಿದ್ದುದನ್ನು ಕಂಡು ಕೈ ನಿಲ್ಲಿಸಿದರು.

“ನಾನ್ ರುಬ್ಬೋದ್ರೊಳಗೆ ನಿಮ್ ಬಸ್ ಬಂದ್ಬಿಡ್ತೈತೆ. ರಂಗಪ್ಪನ ಹತ್ರ ಹೋಗಿ ತಿನ್ನಿ. ಅವನ ಚಟ್ನಿ ಇವತ್ತು ಚೆನ್ನಾಗೈತೆ, ಆಗ್ಲೇ ನೆಕ್ಕಿ ಬಂದಿದೀನಿ.”