ತಲೆಕೆಳಗಾದ ಹಾಳೆ

ವೆಹ್ಬಿಯ ಶವಪೆಟ್ಟಿಗೆಯನ್ನು ಮಸೀದಿ ಅಂಗಳದ ಕಲ್ಲಿನ ಮೇಲೆ ಇಟ್ಟಿದ್ದರು. ಇಮಾಮರು ನಮ್ಮ ಕಡೆ ತಿರುಗಿ ಪದ್ಧತಿಯಂತೆ ಕೇಳಿದರು: "ಇವರ ಮೇಲೆ ನಿಮಗಿರೋ ಹಕ್ಕನ್ನ ಹಲಾಲ್ ಮಾಡ್ತೀರಾ?" ಸತ್ತವನು ನಿಮಗೆ ಏನಾದರೂ ಬಾಕಿ ಉಳಿಸಿದ್ದರೆ, ಒಂದು ಮಾತಿನಿಂದ ನೋಯಿಸಿದ್ದರೆ, ಮನ್ನಾ ಮಾಡಿ ಕಳಿಸಿಕೊಡಿ ಎಂದು ಅದರ ಅರ್ಥ. ಮೂರು ಸಲ ಕೇಳುತ್ತಾರೆ. ಮೂರು ಸಲವೂ ಎಲ್ಲರಿಗಿಂತ ಜೋರಾಗಿ "ಹಲಾಲ್ ಆಗಲಿ" ಎಂದವನು ತಹ್ಸಿನ್ ಹಾಜಿ. ಬಟ್ಟೆ ವ್ಯಾಪಾರಿ, ನಮಾಜಿನಲ್ಲಿ ಮೊದಲ ಸಾಲಿನವನು, ನನ್ನ ಬೀಗ. ಏಳು ವರ್ಷವಾದರೂ ಆ ದನಿ ನೆನಪಾದರೆ ನನ್ನ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ. ವೆಹ್ಬಿ ಅವನಿಗೆ ಏನು ಬಾಕಿ ಇದ್ದ? ಮನ್ನಾ ಮಾಡಲು ಇವನು ಯಾರು? ನಮ್ಮಲ್ಲಿ ನಿಂತವರನ್ನು ಕೇಳುತ್ತಾರೆ. ಮಲಗಿದವನನ್ನು ಯಾರೂ ಕೇಳುವುದಿಲ್ಲ.

ವೆಹ್ಬಿಯ ಚಹಾದಂಗಡಿ ನನ್ನ ತಗಡಿನ ಅಂಗಡಿಗೆ ಅಂಟಿಕೊಂಡಿತ್ತು. ನಾನು ಮನೆ ಕಾಯಿಸುವ ಒಲೆಗಳನ್ನೂ ಅದರ ಹೊಗೆ ಕೊಳವೆಗಳನ್ನೂ ಮಾಡುವವನು. ನಡುವೆ ಒಂದು ಗೋಡೆ, ಹಿಂದುಗಡೆ ಇಬ್ಬರಿಗೂ ಸೇರಿದ ಕಲ್ಲಿದ್ದಲು ಕೋಣೆ, ಅದಕ್ಕೆ ಆ ಕಡೆಯೊಂದು, ಈ ಕಡೆಯೊಂದು ಬಾಗಿಲು. ವೆಹ್ಬಿ ಕುಳ್ಳ ಮನುಷ್ಯ. ಹಿಡಿಕೆಯಿಂದ ನೇತಾಡುವ ತಟ್ಟೆಯಲ್ಲಿ ಹನ್ನೆರಡು ಲೋಟ ಚಹಾ ಇಟ್ಟುಕೊಂಡು ಮಂಜುಗಟ್ಟಿದ ಬೀದಿ ದಾಟುತ್ತಿದ್ದ, ಒಂದು ಹನಿ ಚೆಲ್ಲುತ್ತಿರಲಿಲ್ಲ. ಓದು ಬರಹ ನನ್ನಷ್ಟೂ ಇಲ್ಲ. ನಾನು ಐದನೇ ತರಗತಿ, ಅವನು ಸೇನೆಗೆ ಹೋದಾಗ ಅಕ್ಷರ ಕಲಿತವನು. ಆದರೂ ಅಂಗಡಿಗೆ ಎರಡು ಪತ್ರಿಕೆ ತರಿಸುತ್ತಿದ್ದ. ಒಂದು ನಾಸ್ತಿಕರದು ಎಂದು ಹಾಜಿಗಳು ಬೈಯುವಂಥದು, ಇನ್ನೊಂದು ಹಾಜಿಗಳದೇ. "ಜಗಳ ಆಡೋರಿಗೆ ಇಬ್ಬರಿಗೂ ಸಾಮಾನು ಬೇಕಲ್ಲ" ಎನ್ನುತ್ತಿದ್ದ. ಮಕ್ಕಳಿರಲಿಲ್ಲ. ಹೆಂಡತಿ ನಾದಿರೆ ಮನೆಯಲ್ಲಿ ಕಂಬಳಿ ನೇಯುತ್ತಿದ್ದಳು. ನನ್ನ ಸಿಟ್ಟನ್ನು ಇಡೀ ಪೇಟೆಯಲ್ಲಿ ಸಹಿಸಿಕೊಂಡವನು ಅವನೊಬ್ಬನೇ. ನಾನು ಗಿರಾಕಿಯ ಮೇಲೆ ಸುತ್ತಿಗೆ ಎತ್ತಿದ ದಿನ ಅವನು ಬಂದು ಸುತ್ತಿಗೆ ತೆಗೆದು ಕೈಗೆ ಲೋಟ ಕೊಟ್ಟ.

ರಂಜಾನ್ ಬಂದರೆ ನಮ್ಮ ಕಡೆ ಚಹಾದಂಗಡಿಗಳ ಕಿಟಕಿಗೆ ಒಳಗಿನಿಂದ ಪತ್ರಿಕೆ ಅಂಟಿಸುತ್ತಾರೆ. ಹಗಲು ಚಹಾ ಕುಡಿಯಬಾರದೆಂದು ಸರಕಾರದ ಕಾನೂನಿಲ್ಲ. ಆದರೆ ಉಪವಾಸ ಇರುವವನ ಕಣ್ಣೆದುರು ಕುಡಿಯುವುದು ಮರ್ಯಾದೆಯಲ್ಲ. ಆದ್ದರಿಂದ ಪತ್ರಿಕೆ. ಹೊರಗಿನವನಿಗೆ ಒಳಗೆ ಯಾರಿದ್ದಾರೆಂದು ಗೊತ್ತು, ಒಳಗಿನವನಿಗೆ ಹೊರಗಿನವನಿಗೆ ಗೊತ್ತೆಂದು ಗೊತ್ತು. ಹಾಳೆ ಇರುವವರೆಗೆ ಯಾರೂ ಯಾರನ್ನೂ ನೋಡಿಲ್ಲ.

ನಾನು ಒಳಗಿನವನು. ಸಿಗರೇಟು ಬಿಟ್ಟು ಒಂದು ಬೆಳಗು ಇರಲಾರೆ. ಇದ್ದರೆ ಯಾರನ್ನಾದರೂ ಹೊಡೆಯುತ್ತೇನೆ. ತಹ್ಸಿನ್ ಹಾಜಿಯೂ ಆಗಾಗ ಕಲ್ಲಿದ್ದಲು ಕೋಣೆಯಿಂದ ಬರುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ. ಕಾಯಿಲೆಯವನಿಗೆ ಉಪವಾಸ ಬೇಡವೆಂದು ದೇವರೇ ಬಿಟ್ಟಿದ್ದಾನೆ, ಬೀದಿಯಲ್ಲಿ ನಿಂತು ತಿಂದರೂ ಯಾರೂ ಕೇಳುವಂತಿಲ್ಲ. ಆದರೂ ಕಿಟಕಿಗೆ ಬೆನ್ನು ಹಾಕಿ ಕೂತು, ರೊಟ್ಟಿ ಚೂರನ್ನು ಕೋಟಿನೊಳಗೆ ಬಗ್ಗಿ ತಿನ್ನುತ್ತಿದ್ದ. ಕಾಯಿಲೆಯೆಂದು ಹೇಳಿಕೊಳ್ಳುವುದೂ ಅವನಿಗೆ ಅವಮಾನ.

ಒಳಗೆ ಉಪವಾಸ ಇದ್ದವನು ವೆಹ್ಬಿ ಒಬ್ಬನೇ. ಮೂವತ್ತು ದಿನ, ಪ್ರತಿ ವರ್ಷ. ಚಹಾದ ಆವಿಯಲ್ಲಿ ಮುಖ ಇಟ್ಟುಕೊಂಡು ಬಾಯಿಗೆ ಹನಿ ನೀರಿಲ್ಲ.

"ಲೋ ವೆಹ್ಬಿ, ರುಚಿ ನೋಡದೆ ಹೆಂಗೋ ಮಾಡ್ತೀಯ ಇದನ್ನ?" ಎಂದು ನಾನು ಕೆಣಕುತ್ತಿದ್ದೆ.

"ವಾಸನೇಲಿ ಗೊತ್ತಾಗತ್ತೆ, ರುಸ್ತೆಮಣ್ಣ."

"ನಮಗೆ ಕುಡಿಸಿದ ಪಾಪ ನಿನ್ನ ಉಪವಾಸದ ಪುಣ್ಯಾನ ತಿಂದುಹಾಕಲ್ವೇನೋ?"

"ನೀನು ಕುಡಿಯೋದನ್ನ ನೀನೂ ದೇವರೂ ನೋಡಿಕೊಳ್ಳಿ. ನನಗೆ ಹೇಳು, ಸಕ್ಕರೆ ಒಂದೋ ಎರಡೋ."

ರಂಜಾನ್ ನಡುಚಳಿಗಾಲಕ್ಕೆ ಬಂದ ವರ್ಷ ಅದು. ಒಳಗೆ ಒಲೆ, ಚಹಾದ ಆವಿ, ಹೊರಗೆ ಹಿಮ. ಗಾಜು ಬೆವರಿ ಹಾಳೆಗಳು ಜಾರಿ ಬೀಳುತ್ತಿದ್ದವು. ಒಂದು ಗುರುವಾರ ಮೇಲಿನ ಸಾಲು ಪೂರ್ತಿ ಕಳಚಿತು. ವೆಹ್ಬಿಗೆ ಕೈ ಎಟುಕುವುದಿಲ್ಲ. "ಬಿಡೋ, ನಾನು ಅಂಟಿಸ್ತೀನಿ" ಎಂದು ಅವನ ಹಳೇ ಪತ್ರಿಕೆಗಳ ರಾಶಿಯಿಂದ ನಾಲ್ಕು ಹಾಳೆ ಎಳೆದೆ. ಬಾಯಲ್ಲಿ ಸಿಗರೇಟು, ಒಂದು ಕೈಯಲ್ಲಿ ಹಿಟ್ಟಿನ ಅಂಟು, ಕುರ್ಚಿಯ ಮೇಲೆ ನಿಂತು ಹಚ್ಚಿದೆ. ಯಾವ ಹಾಳೆ, ಯಾವ ಮಗ್ಗುಲು ಹೊರಗೆ, ಯಾವ ತುದಿ ಮೇಲೆ, ಯಾವುದನ್ನೂ ನೋಡಲಿಲ್ಲ.

ರಂಜಾನ್ ತಿಂಗಳಲ್ಲಿ ಪತ್ರಿಕೆಯವರು ದಿನಕ್ಕೊಂದು ಪುಟ ಧರ್ಮಕ್ಕೆಂದು ಇಡುತ್ತಾರೆ. ತುದಿಯಲ್ಲಿ ದೊಡ್ಡದಾಗಿ, ಸುತ್ತಿ ಸುಳಿದ ಅರಬ್ಬಿ ಅಕ್ಷರದಲ್ಲಿ ದೇವರ ಹೆಸರು. ಅದನ್ನು ತಿಳಿದವರು ನೆಲಕ್ಕೆ ಹಾಕುವುದಿಲ್ಲ, ಅದರಲ್ಲಿ ಮೀನು ಕಟ್ಟುವುದಿಲ್ಲ. ಕತ್ತರಿಸಿ ಎತ್ತರದಲ್ಲಿ ಇಡುತ್ತಾರೆ. ವೆಹ್ಬಿಯೂ ಬೇರೆ ತೆಗೆದಿಡುತ್ತಿದ್ದ. ಒಂದು ಅವನ ಕಣ್ಣು ತಪ್ಪಿ ರಾಶಿಯಲ್ಲಿ ಉಳಿದಿತ್ತು. ಅದೇ ನನ್ನ ಕೈಗೆ ಬಂತು. ಪಕ್ಕದ ಹಾಳೆಯಲ್ಲಿ ತೋಳು ತೊಡೆ ಬಿಟ್ಟುಕೊಂಡ ಯಾವಳೋ ಹಾಡುಗಾರ್ತಿ. ಹಾಡುಗಾರ್ತಿ ನೆಟ್ಟಗಿದ್ದಳು. ದೇವರ ಹೆಸರು ತಲೆಕೆಳಗೆ.

ಮರುದಿನ ಶುಕ್ರವಾರ. ಮಧ್ಯಾಹ್ನದ ನಮಾಜು ಮುಗಿದು ಇಡೀ ಮಸೀದಿ ನಮ್ಮ ಬೀದಿಗೆ ಇಳಿಯಿತು. ನಾವು ಒಳಗೆ ನಾಲ್ಕು ಜನ ಇಸ್ಪೀಟಿನ ಮುಂದೆ. ಹೊರಗೆ ಹೆಜ್ಜೆಗಳು ನಿಂತವು. ಯಾರೋ "ಇಲ್ಲಿ ನೋಡ್ರಪ್ಪಾ" ಎಂದರು. ಆಮೇಲೆ ಗಾಜಿನ ಮೇಲೆ ಗುದ್ದು.

ವೆಹ್ಬಿ ಹಾಳೆಯ ಅಂಚು ಸರಿಸಿ ಹೊರಗೆ ನೋಡಿದ. ಹಿಂದಿನಿಂದಲೇ ಆ ಪುಟ ಗುರುತಿಸಿ ನನಗೆ ಬೆರಳು ತೋರಿಸಿದ. ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಕಲ್ಲಿದ್ದಲು ಕೋಣೆಯಿಂದ ಹೋಗಿ ಎಲ್ಲರೂ. ಮೊದಲು ನೀನು."

"ಅಂಟಿಸಿದ್ದು ನಾನಲ್ವೇನೋ?"

"ನಿನ್ನ ಮಗಳ ನಿಶ್ಚಿತಾರ್ಥ ಮುಂದಿನ ತಿಂಗಳು. ಹೋಗು."

ಮಗಳು ಸೆವಿಲಾಯ್, ಹುಡುಗ ತಹ್ಸಿನ್ ಹಾಜಿಯ ಮಗ. ದೇವರ ಹೆಸರನ್ನು ತಲೆಕೆಳಗೆ ಅಂಟಿಸಿದವನ ಮಗಳು ಹಾಜಿಯ ಮನೆಗೆ ಹೋಗುವುದುಂಟೇ? ನಾನು ಹೋದೆ. ನಾಲ್ವರೂ ಹೋದೆವು. ಮಿಕ್ಕ ಮೂವರು ನನ್ನ ಅಂಗಡಿಯ ಹಿಂಬಾಗಿಲಿಂದ ಗಲ್ಲಿಗೆ ಇಳಿದು ಮಾಯವಾದರು. ನಾನು ಬೀದಿ ಕಡೆಯ ತಗಡಿನ ಬಾಗಿಲ ಹಿಂದೆ ನಿಂತೆ. ಅದರಲ್ಲಿ ಮೊಳೆ ಹೊಡೆದ ತೂತುಗಳಿದ್ದವು. ಬೀದಿ ಪೂರ್ತಿ ಕಾಣುತ್ತಿತ್ತು.

ವೆಹ್ಬಿಯನ್ನು ಹೊಸ್ತಿಲಾಚೆ ಎಳೆದಿದ್ದರು. ತಹ್ಸಿನ್ ಹಾಜಿ ಮುಂದೆ.

"ಯಾರೋ ಇದನ್ನ ಅಂಟಿಸಿದ್ದು?"

"ಅಂಗಡಿ ನಂದು, ಹಾಜಿ."

"ಅದಲ್ಲ ಕೇಳಿದ್ದು. ಯಾರು ಅಂಟಿಸಿದ್ದು?"

"ಕಿಟಕೀನೂ ನಂದೇ."

"ದೇವರ ಹೆಸರನ್ನ ತಲೆಕೆಳಗೆ ಮಾಡಿ, ಆ ಬೆತ್ತಲೆ ಹೆಂಗಸಿನ ಪಕ್ಕ ಇಟ್ಟು, ಅದರ ಮರೇಲಿ ನುಂಗೋದು. ಕದ್ದು ಯಾಕೆ ಕುಡೀತೀಯೋ? ಕುಡಿ, ನಮ್ಮೆದುರಿಗೇ ಕುಡಿ."

ಒಬ್ಬ ಒಳಗೆ ಹೋಗಿ ಲೋಟ ತಂದ. ನನ್ನದೇ ಇರಬೇಕು, ಅರ್ಧ ಕುಡಿದಿದ್ದೆ. ಇಬ್ಬರು ವೆಹ್ಬಿಯ ತೋಳು ಹಿಡಿದರು, ಒಬ್ಬ ಗದ್ದ ಹಿಡಿದ. ವೆಹ್ಬಿ ಹಲ್ಲು ಕಚ್ಚಿ ತಲೆ ಅತ್ತಿತ್ತ ತಿರುಗಿಸಿದ. ಆಗಲೂ ತಾನು ಉಪವಾಸ ಇದ್ದೇನೆಂದು ಹೇಳಲಿಲ್ಲ. ಯಾರು ನಂಬುತ್ತಿದ್ದರು? ನಂಬಿಸಲು ಒಬ್ಬ ಸಾಕ್ಷಿ ಬೇಕಿತ್ತು. ಸಾಕ್ಷಿ ತಗಡಿನ ಹಿಂದೆ ನಿಂತು ಉಸಿರು ಹಿಡಿದಿತ್ತು. ಹಿಂದಿನ ಮಂಗಳವಾರ ಅದೇ ಅಂಗಡಿಯಲ್ಲಿ ವೆಹ್ಬಿಯ ಕೈಯಿಂದ ರೊಟ್ಟಿ ತಿಂದ ಹಾಜಿಗೂ ಅವನು ಉಪವಾಸ ಇರುವುದು ಗೊತ್ತಿತ್ತು. ಹಾಜಿ ಲೋಟ ಬಗ್ಗಿಸಿದ. ಚಹಾ ಗದ್ದದ ಮೇಲೆ, ಅಂಗಿಯ ಮೇಲೆ, ಸ್ವಲ್ಪ ಬಾಯೊಳಗೆ. ಗಂಟಲಿನ ಮಣಿ ಮೇಲೆ ಕೆಳಗೆ ಆದದ್ದನ್ನು ನಾನು ಕಂಡೆ.

ಆಮೇಲೆ ಗಾಜು ಒಡೆಯಿತು. ಚಹಾ ಒಲೆಯನ್ನು ಉರುಳಿಸಿದರು. ಆದರೆ ಆ ಪುಟವನ್ನು ಮಾತ್ರ ಒಬ್ಬ ಹುಷಾರಾಗಿ ಬಿಡಿಸಿ, ಮುತ್ತಿಟ್ಟು, ಹಣೆಗೆ ಒತ್ತಿಕೊಂಡು ಒಯ್ದ.

ಪೊಲೀಸರು ಬಂದಾಗ ಬೀದಿ ಖಾಲಿ. ಪೇದೆಯ ದನಿ ಗೋಡೆಯಾಚೆ ಕೇಳುತ್ತಿತ್ತು: "ನೀನು ಗಿರಾಕಿಗೆ ಚಹಾ ಕುಡಿಸೋದು ಅಪರಾಧ ಅಲ್ಲಪ್ಪ, ದೂರು ಕೊಟ್ಟರೆ ಬರ್ಕೋತೀನಿ. ಆದರೆ ನೀನೂ ಊರಲ್ಲಿ ಬಾಳಬೇಕಲ್ವಾ." ವೆಹ್ಬಿ ದೂರು ಕೊಡಲಿಲ್ಲ. ಸಂಜೆ ಗಾಜಿನ ಚೂರು ಗುಡಿಸುವಾಗ ನಾನು ಹೋಗಿ ಪೊರಕೆ ಹಿಡಿದೆ. ಉಪವಾಸ ಬಿಡುವ ಹೊತ್ತು ಸಾರುವ ಇಫ್ತಾರಿನ ಫಿರಂಗಿ ಹೊಡೆಯುವವರೆಗೆ ಅವನು ನೀರು ಮುಟ್ಟಲಿಲ್ಲ. ಹೇಗೂ ಮುರಿದಿದೆಯಲ್ಲ, ಕುಡಿ ಎಂದೆ. "ಒಂದು ದಿನ ಬಾಕಿ ಬಿತ್ತು. ಹಬ್ಬ ಆದ್ಮೇಲೆ ಹಿಡೀತೀನಿ" ಎಂದ. ಹಾಳೆ ಅಂಟಿಸಿದ್ದು ನಾನೆಂದು ಆಗಲೇ ಊರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಅಂಗಡಿ ಮತ್ತೆ ಏಳಲಿಲ್ಲ. ಹಾಳೆಯ ಆಚೆಯವರೂ ಈಚೆಯವರೂ ಬರುವುದನ್ನು ಬಿಟ್ಟರು. ಬಸ್ ನಿಲ್ದಾಣದಲ್ಲಿ ಬೇರೆಯವರ ಚಹಾವನ್ನು ತಟ್ಟೆಯಲ್ಲಿ ಹೊತ್ತು ಹತ್ತು ವರ್ಷ ದುಡಿದ. ಮಸೀದಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಹೋದರೆ ಅವನ ಎಡಬಲದಲ್ಲಿ ಒಬ್ಬೊಬ್ಬರಷ್ಟು ಜಾಗ ಖಾಲಿ ಉಳಿಯುತ್ತಿತ್ತು. ಹಳಬರು ಅವನನ್ನು "ತಲೆಕೆಳಗು ವೆಹ್ಬಿ" ಎಂದರು. ಆ ಹೆಸರು ನನ್ನದಾಗಬೇಕಿತ್ತು. ಸೆವಿಲಾಯ್ ಹಾಜಿಯ ಮನೆ ಸೇರಿದಳು, ಎರಡು ಮಕ್ಕಳಾದವು. ಹಬ್ಬ ಹಬ್ಬಕ್ಕೆ ನಾನೂ ಹಾಜಿಯೂ ಒಂದೇ ಸೋಫಾದ ಮೇಲೆ ಕೂತು ಮಿಠಾಯಿ ತಿಂದೆವು. ಆ ಶುಕ್ರವಾರದ ಮಾತು ಬರಲಿಲ್ಲ. ಬೇರೆ ಎಲ್ಲದಕ್ಕೂ ನಾನು ಸಿಟ್ಟಾಗುತ್ತಿದ್ದೆ.

ವೆಹ್ಬಿ ಶ್ವಾಸಕೋಶ ಕೆಟ್ಟು ಜಿಲ್ಲಾ ಆಸ್ಪತ್ರೆ ಸೇರಿದ ಎಂದು ಕೇಳಿ, ರೋಗಿಯನ್ನು ನೋಡಲು ಹೋಗುವವರು ಒಯ್ಯುವ ನಿಂಬೆ ಅತ್ತರಿನ ಬಾಟಲಿ ಹಿಡಿದು ಹೋದೆ. ಆರು ಹಾಸಿಗೆಯ ಕೋಣೆ. ಭೇಟಿಯ ಹೊತ್ತು, ಜನ ತುಂಬಿದ್ದರು. ಎದುರು ಹಾಸಿಗೆಯಲ್ಲಿ ಹಾಜಿಯ ಭಾವಮೈದ, ಅವನ ಸುತ್ತ ಅವನ ಮನೆಯವರು. ನಾದಿರೆ ಅತ್ತಿಗೆ ಕುರ್ಚಿ ಬಿಟ್ಟುಕೊಟ್ಟಳು.

"ಅತ್ತರು ತಂದಿದೀಯ ಅಂದ್ರೆ ನಾನು ಹೋಗ್ತೀನಿ ಅಂತ ಆಯ್ತು" ಎಂದ ವೆಹ್ಬಿ. ಮೂಗಿನಲ್ಲಿ ನಳಿಕೆ ಇದ್ದರೂ ನಕ್ಕ.

"ಹುಚ್ಚುಚ್ಚಾಗಿ ಮಾತಾಡಬೇಡ." ಬಗ್ಗಿ ಕೈ ಹಿಡಿದೆ. "ವೆಹ್ಬಿ, ನಿನ್ನ ಹಕ್ಕು ನನಗೆ ಹಲಾಲ್ ಮಾಡೋ."

"ಯಾವ ಹಕ್ಕು?"

"ಅದೇ... ಇಷ್ಟು ವರ್ಷದ್ದು. ಎಲ್ಲಾ."

"ಎಲ್ಲಾ ಅಂದ್ರೆ? ನೀನು ಬೈದದ್ದು, ನನ್ನ ಕಲ್ಲಿದ್ದಲು ಕದ್ದದ್ದು? ಹಲಾಲ್. ಹೋಗು." ಉಸಿರು ಎಳೆದುಕೊಂಡ. "ಇನ್ನೊಂದಿದೆ. ಅದನ್ನ ಹೆಸರು ಹೇಳಿ ಕೇಳು. ಎಲ್ಲರಿಗೂ ಕೇಳೋ ಹಂಗೆ ಕೇಳು. ಕೊಡ್ತೀನಿ."

ನಾನು ತಲೆ ಎತ್ತಿದೆ. ಎದುರು ಹಾಸಿಗೆಯವರು ಕಿತ್ತಳೆ ಸುಲಿಯುತ್ತಾ ನಮ್ಮನ್ನೇ ನೋಡುತ್ತಿದ್ದರು. ಸೆವಿಲಾಯಳ ಅತ್ತೆ ಮನೆಯವರು. ನನ್ನ ನಾಲಿಗೆ ಒಣಗಿತು, ಉಪವಾಸದವನ ಹಾಗೆ.

"ನಾಳೆ ಬರ್ತೀನಿ" ಎಂದೆ.

"ಬಾ" ಎಂದ.

ಮರುದಿನ ಹೋಗಲಿಲ್ಲ, ಒಲೆ ಕೊಳವೆಯ ಕೆಲಸ ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಅದರ ಮರುದಿನ ಬೆಳಿಗ್ಗೆ ಮಸೀದಿಯ ಮೈಕಿನಲ್ಲಿ ಅವನ ಹೆಸರು ಕೂಗಿದರು.

ನಲವತ್ತನೇ ದಿನದ ಪ್ರಾರ್ಥನೆ ಮುಗಿದು ಜನ ಎದ್ದ ಮೇಲೆ ನಾದಿರೆ ಅತ್ತಿಗೆಯ ಮುಂದೆ ಕೂತು ಎಲ್ಲ ಹೇಳಿದೆ: ಹಾಳೆ, ತಗಡಿನ ತೂತು, ಅರ್ಧ ಕುಡಿದ ಲೋಟ. ಅವಳು ಮಗ್ಗದ ದಾರ ಬಿಡಿಸುತ್ತಾ ಕೇಳಿದಳು. ಅವಳಿಗೆ ಗೊತ್ತಿತ್ತು.

"ನೀವಾದರೂ ಅವನ ಪರವಾಗಿ ಹಲಾಲ್ ಮಾಡಿ ಅತ್ತಿಗೆ."

"ಆವತ್ತು ಆಸ್ಪತ್ರೇಲಿ, ನೀವು ಹೋದ ಮೇಲೆ, ಅವರು ದಿಂಬು ಎತ್ತರಿಸು ಅಂದರು. ಬಾಗಿಲು ಕಾಣೋ ಹಂಗೆ. ಮರುದಿನ ಪೂರ್ತಿ ಹಂಗೇ ಕೂತಿದ್ದರು." ದಾರದ ಗಂಟನ್ನು ಹಲ್ಲಲ್ಲಿ ಕಚ್ಚಿ ಬಿಡಿಸಿದಳು. "ನಂದು ಏನಿದ್ರೂ ನಿಮಗೆ ಹಲಾಲ್, ರುಸ್ತೆಮಣ್ಣ. ಅದು ನಂದಲ್ಲ."