ಸಂತೆಯಿಂದ ಬಂದ ಶಾರ್ಕ್

ನಮ್ಮ ಮನೆಗೆ ಕೇಬಲ್ ಬಂದದ್ದು ಜ್ಞಾನದ ಹೆಸರಿನಲ್ಲಿ. ತೊಂಬತ್ತರ ದಶಕ ಮುಗಿಯುತ್ತಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಅಪ್ಪ ವಿಜ್ಞಾನದ ಮೇಷ್ಟ್ರು. ಸಿನಿಮಾ ಹಾಕಿದರೆ ರಿಮೋಟ್ ಕಿತ್ತುಕೊಳ್ಳುತ್ತಿದ್ದರು. ಪ್ರಾಣಿಗಳ ಚಾನೆಲ್ ಆದರೆ ಊಟದ ತಟ್ಟೆ ಹಿಡಿದು ತಾವೇ ಮುಂದೆ ಕೂರುತ್ತಿದ್ದರು. ಮೀನಿನ ಹೆಸರನ್ನೂ ಎತ್ತಬಾರದ ಮನೆ ನಮ್ಮದು. ಆದರೆ ಟಿವಿಯಲ್ಲಿ ಶಾರ್ಕ್ ಇನ್ನೊಂದು ಪ್ರಾಣಿಯನ್ನು ಹರಿದು ನೀರೆಲ್ಲ ಕೆಂಪಾಗುವಾಗ ನಾವು ನಿಶ್ಚಿಂತೆಯಿಂದ ರೊಟ್ಟಿ ಮುರಿಯುತ್ತಿದ್ದೆವು. ಎದೆ ನಡುಗಿಸುವ ಸಂಗೀತ, ಹಲ್ಲು, ರಕ್ತ, ಮತ್ತೆ ಅದೇ ಹಲ್ಲು. ಅದರ ಇಂಗ್ಲಿಷ್ ಅಪ್ಪನಿಗೂ ಅಷ್ಟಕ್ಕಷ್ಟೇ. "ನೋಡ್ರಲೇ, ನರಭಕ್ಷಕ!" ಎಂದು ವಿವರಣೆಯನ್ನೂ ತಾವೇ ಕೊಡುತ್ತಿದ್ದರು.

ಏಳನೇ ತರಗತಿಯಲ್ಲಿ ನನಗೊಬ್ಬಳು ಗೆಳತಿಯಿದ್ದಳು. ಅವಳ ಅವ್ವ ಸಂತೆಯಲ್ಲಿ ಒಣಮೀನು ಮಾರುತ್ತಿದ್ದಳು. ಓದಿನಲ್ಲಿ ನಾನು ಅವಳ ಹತ್ತಿರವೂ ಸುಳಿಯುವಂತಿರಲಿಲ್ಲ. ಹಡಗಲಿಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಶಾರ್ಕ್ ಬಗ್ಗೆ ಮಾತಾಡಲು ಅಪ್ಪ ಆರಿಸಿದ್ದು ಅವಳನ್ನೇ. ಅದಕ್ಕಾಗಿ ಭಾನುವಾರ ನಮ್ಮಲ್ಲಿಗೆ ಟಿವಿ ನೋಡಲು ಬಂದು, ಹೊಸ್ತಿಲಾಚೆ ಕೂತು ಬರೆದುಕೊಳ್ಳುತ್ತಿದ್ದಳು. ಅಲ್ಲೇ ಕೂರು ಎಂದು ಯಾರೂ ಹೇಳಿರಲಿಲ್ಲ. ಒಳಗೆ ಬಾ ಎಂದೂ ಯಾರೂ ಹೇಳಿರಲಿಲ್ಲ.

ತರಗತಿಯಲ್ಲಿ ಅಪ್ಪನದು ಒಂದೇ ಪಾಠ: "ಕಣ್ಣಿಲೆ ನೋಡ್ರಿ, ಕೈಲೆ ಮುಟ್ರಿ, ಆಮ್ಯಾಲೆ ಮಾತಾಡ್ರಿ. ಅದು ವಿದ್ಯಾ." ನಾವು ಎಲೆ, ಕಲ್ಲು, ಹಾವಿನ ಪೊರೆ ತಂದು ಮೇಜಿನ ಮೇಲೆ ಇಡುತ್ತಿದ್ದೆವು. ನನ್ನ ಗೆಳತಿ, ಪಾಪ, ಆ ಮಾತನ್ನು ಪೂರ್ತಿ ನಂಬಿದಳು.

ಒಂದು ಭಾನುವಾರ ಕಾಗದದ ಪೊಟ್ಟಣ ತಂದಳು. "ಮುಟ್ಟಿ ನೋಡು, ಶಾರ್ಕ್ ಮರಿದು ಐತಿ. ಸಮುದ್ರದ ಕಡಿಂದ ಚೀಲಗಟ್ಟಲೆ ಬರ್ತಾವಂತ." ಒಣಗಿದ ತುಂಡು. ಹೀಗೆ ಸವರಿದರೆ ನುಣುಪು, ಹಾಗೆ ಸವರಿದರೆ ಬಡಗಿಯ ಉಪ್ಪುಕಾಗದ. ಅಷ್ಟು ಭಾನುವಾರ ಕೂತು ನೋಡಿದರೂ ಟಿವಿಯಿಂದ ನಾನು ಕಲಿಯದೇ ಇದ್ದದ್ದು ಅದು. ನನಗೆ ಹುಚ್ಚು ಖುಷಿ. ಅಪ್ಪ ಮೆಚ್ಚಿಯಾರೆಂದು ನಾನೇ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದೆ.

ಅವಳು ಪೊಟ್ಟಣ ಬಿಚ್ಚಿ ಕೇಳಿದಳು: "ಸರ, ಇದು ಮಂದಿನ್ನ ತಿಂತೈತಿ ಅಂತ ಟಿವ್ಯಾಗ ತೋರಸ್ತಾರ. ಮಂದೀನೇ ಇದನ್ನ ತಿನ್ನೋದು ಹೆಚ್ಚು ಅಂತಾಳ ನಮ್ಮವ್ವ. ಅದನ್ನೂ ಹೇಳ್ಲೇನ್ರಿ?"

ಅಪ್ಪ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡರು. "ಪೂಜಿ ಮಾಡೋ ಮನಿಯೊಳಗ ಏನ್ ತಂದೀಯವಾ ಇದು? ನಡಿ, ಹೊರಗ ನಡಿ!"

ಅವಳು ಒಮ್ಮೆ ಟಿವಿಯತ್ತ ನೋಡಿದಳು. ಅಲ್ಲಿ ಶಾರ್ಕ್ ಮಾಂಸ ಕೀಳುತ್ತಲೇ ಇತ್ತು. ಪೊಟ್ಟಣ ಕಟ್ಟಿಕೊಂಡು ಹೋದಳು. ಕರೆತಂದವಳು ನಾನು ಎಂದು ನಾನು ಬಾಯಿ ಬಿಡಲಿಲ್ಲ. ನಮ್ಮವ್ವ ನೆಲ ತೊಳೆದು ಮನೆಯೆಲ್ಲ ಧೂಪ ಹಾಕಿದಳು. ಟಿವಿಯನ್ನು ಮಾತ್ರ ಯಾರೂ ಆರಿಸಲಿಲ್ಲ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಎಂಬ ಗಾದೆ ಪುಸ್ತಕದಲ್ಲಿತ್ತು. ಅರ್ಥ ಮನೆಯಲ್ಲೇ ಸಿಕ್ಕಿತು.

ಸೋಮವಾರ ಅಪ್ಪ ಹೆಸರು ಬದಲಿಸಿದರು. ಹಡಗಲಿಗೆ ಹೋಗುವವಳು ನಾನು. ಅವಳು ಆ ದಿನ ಹೋಗಿ ಕೂತಿದ್ದ ಕೊನೆಯ ಬೆಂಚಿನಿಂದ ಎದ್ದು ಬಂದು ತನ್ನ ನೋಟ್‌ಬುಕ್ ಕೊಟ್ಟಳು. "ತೊಗೊ, ನಿನಗ ಬೇಕಾಕ್ಕತಿ" ಎಂದಳು. ಬೈದಿದ್ದರೆ ಇಷ್ಟು ವರ್ಷ ಉರಿಯುತ್ತಿರಲಿಲ್ಲವೇನೋ. ಅವಳು ಮತ್ತೆ ನನ್ನ ಜೊತೆ ಕೂರಲಿಲ್ಲ, ತರಗತಿಯಲ್ಲಿ ಕೈ ಎತ್ತಲೂ ಇಲ್ಲ.

ಹಡಗಲಿಯಲ್ಲಿ ನನ್ನ ಥರ್ಮಾಕೋಲ್ ಶಾರ್ಕಿನ ಬಾಯಿಗೆ ಅಪ್ಪನೇ ಕೆಂಪು ಬಣ್ಣ ಬಳಿದರು. ಅವಳ ಅವ್ವನ ಮಾತು ನೋಟ್‌ಬುಕ್ಕಿನ ಕೊನೆಯ ಸಾಲಿನಲ್ಲಿತ್ತು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಗಿಳಿಪಾಠ ಒಪ್ಪಿಸಿದೆ. ತೀರ್ಪುಗಾರರೊಬ್ಬರು ನಗುತ್ತ ಕೇಳಿದರು: "ಶಾರ್ಕನ್ನ ಒಮ್ಮೆರ ಮುಟ್ಟೀಯೇನವಾ?"

ಹಿಂದೆ ಅಪ್ಪ ನಿಂತಿದ್ದರು.

"ಇಲ್ರಿ," ಎಂದೆ, "ಟಿವ್ಯಾಗ ನೋಡೀನ್ರಿ."

ಮೊದಲ ಬಹುಮಾನ ನನಗೇ ಬಂತು.