ಅಣ್ಣನ ಒದ್ದೆ ಲಾಳಿ

ಬನಹಟ್ಟಿಯ ನಮ್ಮ ಮನೆಯಲ್ಲಿ ಯಾರು ಕೆಮ್ಮಿದರೂ ಕೇಳಿಸುವುದಿಲ್ಲ. ಹಿತ್ತಲ ಶೆಡ್ಡಿನಲ್ಲಿ ಎರಡು ಪವರ್‌ಲೂಮು, ಒಂದು ಅಣ್ಣನದು, ಒಂದು ನನ್ನದು. ಅವು ಓಡುವಾಗ ಜಗಳ ಆಡುವುದಕ್ಕೂ ಕೈಸನ್ನೆ ಬೇಕು. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗಗಳು ನಿಂತವು, ಅಣ್ಣನ ಕೆಮ್ಮು ನಿಲ್ಲಲಿಲ್ಲ. ಎಷ್ಟು ದಿನದಿಂದ ಅದು ಆ ಸಪ್ಪಳದೊಳಗೆ ಅಡಗಿ ಕೂತಿತ್ತೋ ಏನೋ.

ಜಮಖಂಡಿಯ ಡಾಕ್ಟರು ಕಫ ಪರೀಕ್ಷೆ ಮಾಡಿಸಿ ಟಿ.ಬಿ. ಎಂದರು. ರಕ್ತವನ್ನೂ ತೆಗೆಸಿದರು. ಅದರಲ್ಲಿ ಸಿ.ಆರ್.ಪಿ. ಎಂಬ ಪ್ರೋಟೀನು ಏರಿತ್ತು, ಆಲ್ಬುಮಿನ್ ಎಂಬುದು ಇಳಿದಿತ್ತು. ಮೊದಲನೆಯದು ಹೊಗೆ ಇದ್ದ ಹಾಗೆ, ಒಳಗೆ ಬೆಂಕಿ ಇದೆ ಎನ್ನುತ್ತದೆ, ಯಾವ ಬೆಂಕಿ ಎಂದು ಹೇಳುವುದಿಲ್ಲ ಎಂದು ತಿಳಿಸಿದರು. ಮನೆಯವರೆಲ್ಲ ಬಂದು ತೋರಿಸಿಕೊಳ್ಳಬೇಕು ಎಂದರು. ನಾನೂ ಅತ್ತಿಗೆಯೂ ತೋರಿಸಿಕೊಂಡೆವು, ಏನೂ ಇರಲಿಲ್ಲ. ಅವ್ವ ಬರಲಿಲ್ಲ. ಕೆಮ್ಮಿಲ್ಲ, ಜ್ವರವಿಲ್ಲ, ನನಗೇನು ಧಾಡಿ ಎನ್ನುತ್ತ ಶೆಡ್ಡಿನಲ್ಲಿ ರಾಟಿಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಲೇ ಇದ್ದಳು. ಅವಳ ಹಟದ ಮುಂದೆ ನಾನು ಯಾವ ಗಿಡದ ತಪ್ಪಲು.

ಅಣ್ಣ ಗುಳಿಗೆ ಹಿಡಿದ. ಇನ್ನು ಮಂದಿಗೆ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಹೆಂಡತಿಯೊಡನೆ ಅವಳ ತವರು ಗಲಗಲಿಗೆ ಹೋದ. ಹೊಳೆದಂಡೆಯ ಊರು, ನೂಲಿನ ಧೂಳಿಲ್ಲ. ಅವನ ಮಗ್ಗ ಬಂದ್ ಆಯಿತು.

ಅಡ್ಡ ನೂಲನ್ನು ಹೊತ್ತು ಅತ್ತಿಂದಿತ್ತ ಓಡುವ ಮರದ ಲಾಳಿಗೆ ಒಂದು ಸಣ್ಣ ಕಣ್ಣು ಇರುತ್ತದೆ. ನೂಲು ಸುತ್ತಿದ ಹೊಸ ಕಂಡಿಕೆಯನ್ನು ಲಾಳಿಯೊಳಗೆ ಹಾಕಿದಾಗಲೆಲ್ಲ ಆ ಕಣ್ಣಿಗೆ ಬಾಯಿ ಹಚ್ಚಿ, ಉಸಿರು ಎಳೆದು ನೂಲನ್ನು ಹೊರಗೆ ತರುತ್ತೇವೆ. ತಂತಿಯಿಂದಲೂ ತೆಗೆಯಬಹುದು, ಯಾರಿಗೆ ಬೇಕು ಆ ಉಸಾಬರಿ.

ಒಂದು ಬೆಳಿಗ್ಗೆ ಅಣ್ಣನ ಲಾಳಿ ಮುಟ್ಟಿದೆ. ಕಣ್ಣಿನಿಂದ ಇಳಿಬಿದ್ದಿದ್ದ ನೂಲಿನ ತುದಿ ಒದ್ದೆಯಾಗಿತ್ತು. ಮರುದಿನವೂ ಹಾಗೆಯೇ. ಮಗ್ಗದ ಮೇಲಿನ ಬಟ್ಟೆ ಮಾತ್ರ ಒಂದು ಎಳೆಯೂ ಬೆಳೆದಿರಲಿಲ್ಲ. ಗಾಳಿ ಆಡಿದರೆ ನೂಲು ಹರಿಯುತ್ತದೆಂದು ಶೆಡ್ಡಿನ ಕಿಟಕಿಗಳನ್ನು ನಾವು ಯಾವಾಗಲೂ ಮುಚ್ಚಿಯೇ ಇಡುತ್ತಿದ್ದೆವು. ಆ ಮುಚ್ಚಿದ ಜಾಗದಲ್ಲಿ ಯಾರೋ ಈಗಷ್ಟೇ ಬಾಯಿ ಹಚ್ಚಿ ಹೋಗಿದ್ದರು. ಸುಳ್ಳೇಕೆ ಹೇಳಲಿ, ಹೆದರಿದೆ.

ಅಣ್ಣನಿಗೆ ಫೋನು ಮಾಡಿದೆ. ಲಾಳಿಯ ಸುದ್ದಿ ಎತ್ತಲಿಲ್ಲ. ಊಟ, ಗುಳಿಗೆ, ಹೊಳೆಯ ನೀರು ಎಲ್ಲ ಮಾತಾಡಿದ ಮೇಲೆ ಅವನೇ ಹೇಳಿದ.

“ನಸುಕಿನ್ಯಾಗ ಬಾಯಾಗ ನೂಲಿನ ರುಚಿ ಬರಾಕತ್ತೈತಿ ಲೇ.”

ಆ ದಿನ ಅವನ ಮಗ್ಗದ ಕಡೆ ಹಾಯಲಿಲ್ಲ.

ಮರುದಿನ ನಸುಕಿನಲ್ಲೇ ಎದ್ದು ಶೆಡ್ಡಿಗೆ ಹೋದೆ. ಅಣ್ಣನ ಮಗ್ಗದ ಹತ್ತಿರ ಒಂದು ಬೆನ್ನು ಬಾಗಿತ್ತು. ತುಟಿಯಿಂದ ಗಾಳಿ ಎಳೆಯುವ ಸಣ್ಣ ಸಪ್ಪಳ. ಬಾಗಿಲು ಪೂರ್ತಿ ತೆರೆದೆ. ಬೆನ್ನು ತಿರುಗಿದಾಗ ನೋಡಿದರೆ ಅವ್ವ.

“ಅವನ ಲಾಳಿ ಒಣಗಿದ್ರ ಅವನೂ ಒಣಗತಾನ,” ಎಂದಳು. “ತಿರುಗಿ ಬರೂತನಕ ಯಾರರ ಉಸಿರು ಕೊಡಬೇಕಲ್ಲ.”

ಸಿಟ್ಟು ಬಂತು, ಅಳುವೂ ಬಂತು. ಬಾಗಿಲಿನ ಬೆಳಕಿನಲ್ಲಿ ಅವಳನ್ನು ನೆಟ್ಟಗೆ ನೋಡಿದೆ. ಕುಪ್ಪಸದ ತೋಳು ಸಡಿಲಾಗಿತ್ತು, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಅವಳ ಮಾತು ಕೇಳದೆ ಜಮಖಂಡಿಗೆ ಕರೆದುಕೊಂಡು ಹೋದೆ.

ಅವಳ ರಕ್ತದಲ್ಲೂ ಅದೇ ಹೊಗೆ. ಎಕ್ಸ್‌ರೇ, ಕಫ ಎಲ್ಲ ನೋಡಿದ ಮೇಲೆ ಅವಳಿಗೂ ಟಿ.ಬಿ. ಎಂದಾಯಿತು, ಒಂದು ಸಲವೂ ಕೆಮ್ಮದೆ. ಲಾಳಿಯಿಂದ ಬಂತೇ ಎಂದು ಕೇಳಿದೆ. ಇದು ಗಾಳಿಯಲ್ಲಿ ಹರಡುವ ರೋಗ, ಮುಚ್ಚಿದ ಶೆಡ್ಡಿನಲ್ಲಿ ಕೆಮ್ಮುವ ಮಗನ ಹತ್ತಿರ ತಿಂಗಳುಗಟ್ಟಲೆ ಕೂತದ್ದೇ ಸಾಕು, ಲಾಳಿಯ ಮೇಲೆ ಹೊರಿಸಲಾಗದು ಎಂದರು ಡಾಕ್ಟರು. ನೂಲು ಹರಿಯಬಾರದೆಂದು ಕಿಟಕಿ ಮುಚ್ಚಿದವರು ನಾವೇ.

ಈಗ ಕಿಟಕಿಗಳು ತೆರೆದಿವೆ. ಹರಿದ ನೂಲನ್ನು ಬೈದುಕೊಳ್ಳುತ್ತ ಕಟ್ಟುತ್ತೇವೆ. ಅಣ್ಣ ಗುಣವಾಗಿ ಬಂದಿದ್ದಾನೆ, ಅವನ ರಕ್ತ ಸರಿಹೋಗಿದೆ, ಲಾಳಿಯ ನೂಲನ್ನು ತಂತಿಯಿಂದಲೇ ತೆಗೆಯುತ್ತಾನೆ. ಅವ್ವನ ಸಿ.ಆರ್.ಪಿ. ಮಾತ್ರ ಗುಳಿಗೆಗೆ ಇನ್ನೂ ಬಗ್ಗಿಲ್ಲ. ಉಳಿಯುತ್ತಾಳೆಯೇ ಎಂದು ಕೇಳಿದರೆ ಮುಂದಿನ ಪರೀಕ್ಷೆ ಆಗಲಿ ಎನ್ನುತ್ತಾರೆ ಡಾಕ್ಟರು. ಅವಳು ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ.

ನಿನ್ನೆ ಬೆಳಿಗ್ಗೆ ಶೆಡ್ಡಿಗೆ ಹೋದಾಗ ಅವಳ ರಾಟಿಯ ಚಕ್ರ ಮೆಲ್ಲಗೆ ತಿರುಗುತ್ತಿತ್ತು. ಮುಂದೆ ಯಾರೂ ಇರಲಿಲ್ಲ. ಅದರ ಕದಿರಿನಲ್ಲಿ ಆಗಷ್ಟೇ ಸುತ್ತಿದ ಕಂಡಿಕೆ. ಆಚೆ ಕಿಟಕಿಯ ಹತ್ತಿರ ಅಣ್ಣ ಬೆರಳಿಗೆ ಹತ್ತಿದ ನೂಲಿನ ಎಳೆ ಬಿಡಿಸಿಕೊಳ್ಳುತ್ತಿದ್ದ. ಅವ್ವ ತಿರುಗಿ ಬರುವ ತನಕ ಅವಳ ರಾಟಿಗೂ ಯಾರಾದರೂ ಬೇಕಲ್ಲ. ಚಕ್ರ ನಿಲ್ಲುವ ಮೊದಲೇ ನಾನು ಕೂತು ಇನ್ನೊಂದು ಕಂಡಿಕೆ ಸುತ್ತಿದೆ.